ಟನ್ ಬಿಡಿ, ತಗ್ಗು ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರು-ಪುಣೆ ಹೈವೇ ಚಿತ್ರದುರ್ಗವನ್ನೂ ದಾವಣಗೆರೆಯನ್ನೂ ಹಾದು ಹೋಗುತ್ತೆ. ಹಾಗಾಗಿ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡೋ ಸ್ಪೋರ್ಟ್ಸ್ ಕಾರುಗಳು ನಮಗೂ ಹೊಸದಲ್ಲ. ಅವು ನಮ್ಮಲ್ಲೇ ಪಂಕ್ಚರ್ ಆಗ್ತವೆ. ಅಂಥ ಕಾರನ್ನ ಸೆಕೆಂಡ್ ಹ್ಯಾಂಡಲ್ಲಿ ತಂದು ಅಂಗಳದಲ್ಲೇ ಬಿಚ್ಚಿ ಕೂರೋ ಹುಡುಗರೂ ಇದ್ದಾರೆ. ಇವತ್ತಿನ ಮಾತು ಅವರಿಗೆ, ಕಾರು ಎತ್ತೋ ಜ್ಯಾಕಿನ ಬಗ್ಗೆ. ಗ್ಯಾರೇಜಿನವರು ಕೇಳ್ತಿದ್ದರೆ ಇನ್ನೂ ಒಳ್ಳೇದು, ನನ್ನ ಅರ್ಧ ಸಿಟ್ಟು ಅವರ ಮೇಲೇ ಇದೆ.

ಜ್ಯಾಕ್ ಕೊಳ್ಳೋಕೆ ಹೋದವರು ಅಂಗಡೀಲಿ ಮೊದಲು ಕೇಳೋದು ಏನು? ಎಷ್ಟು ಟನ್ ಎತ್ತುತ್ತೆ? ಎರಡಾ, ಮೂರಾ, ಐದಾ? ದಯವಿಟ್ಟು ಟನ್ ಬಿಡಿ, ತಗ್ಗು ಕೇಳಿ. ಪೂರ್ತಿ ಇಳಿಸಿದಾಗ ಜ್ಯಾಕಿನ ತಲೆ ನೆಲದಿಂದ ಎಷ್ಟು ಮೇಲಿರುತ್ತೆ, ಅದನ್ನ ಕೇಳಿ. ಗಾಲಿ ಮೇಲೆ ಉರುಳೋ ಸಾಮಾನ್ಯ ಟ್ರಾಲಿ ಜ್ಯಾಕಿನಲ್ಲಿ ಅದು 130ರಿಂದ 140 ಮಿಲಿಮೀಟರ್. ಲೋ ಪ್ರೊಫೈಲ್ ಅಂತ ಮಾರೋದರಲ್ಲಿ 75ರಿಂದ 90. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ನೂರು, ನೂರಿಪ್ಪತ್ತು ಮಿಲಿಮೀಟರ್ ಮೇಲಿದ್ದರೆ ಹೆಚ್ಚು. ಲೆಕ್ಕ ನೀವೇ ಹಾಕಿ.

ಇನ್ನು ಭಾರ. ಅಂಥ ಕಾರು ಒಂದೂವರೆ ಟನ್ ಆಸುಪಾಸು ತೂಗುತ್ತೆ. ನೀವು ಎತ್ತೋದು ಒಂದು ಮೂಲೆಯನ್ನ, ಬಹಳ ಅಂದರೆ ಒಂದು ಬದಿಯನ್ನ. ಎರಡು ಟನ್ನಿನ ಒಳ್ಳೇ ಜ್ಯಾಕ್ ಧಾರಾಳವಾಯ್ತು.

ಒಂದು ಪ್ರಸಂಗ ಹೇಳ್ತೀನಿ. ಮಳೆಗಾಲ. ನನ್ನ ಹಳೇ ವಿದ್ಯಾರ್ಥಿಯೊಬ್ಬ ದಾವಣಗೆರೆ ಪಕ್ಕದ ಆನಗೋಡಿನ ಹತ್ತಿರದಿಂದ ಫೋನ್ ಮಾಡಿದ. "ಸಾರ್, ಗೆಳೆಯನ ಕಾರು, ಮುಂದಿನ ಟೈರ್ ಕೂತುಬಿಟ್ಟೇತಿ, ಬರ್ರೀ." ಎರಡೇ ಸೀಟಿನ ಕಾರು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ, ಜ್ಯಾಕ್ ಇಲ್ಲ. ಒಂದು ಪುಟ್ಟ ಪಂಪು, ಒಂದು ಬಾಟಲಿ ಅಂಟು. ಈ ಕಾರುಗಳಲ್ಲಿ ಬಹಳಷ್ಟು ಹಾಗೇ. ಟೈರಿನ ಪಕ್ಕೆ ಸೀಳಿತ್ತು, ಆ ಅಂಟು ಅಲ್ಲಿ ಹಿಡಿಯಲ್ಲ. ಚಕ್ರ ಬಿಚ್ಚಲೇಬೇಕು.

ನಾನು ಹೋಗೋ ಹೊತ್ತಿಗೆ ಪಂಕ್ಚರ್ ಅಂಗಡಿಯಣ್ಣ ಲಾರಿಯ ಬಾಟಲ್ ಜ್ಯಾಕ್ ಹೊತ್ತು ತಂದಿದ್ದ. "ಇಪ್ಪತ್ತು ಟನ್ ಐತ್ರೀ ಸಾರ್, ಲೋಡ್ ಲಾರಿನೇ ಎತ್ತತೈತಿ!" ಎತ್ತುತ್ತೆ ಮಾರಾಯ, ಆದರೆ ಒಳಗೆ ಹೋಗಬೇಕಲ್ಲ? ಜ್ಯಾಕ್ ಒಂದು ಗೇಣು ಎತ್ತರ, ಕಾರಿನ ಕೆಳಗೆ ಇರೋದು ನಾಲ್ಕು ಬೆರಳು ಜಾಗ. ಸುತ್ತ ಜನ ಸೇರಿದ್ದರು, ಸಲಹೆಗೇನು ಬರ? ಒಬ್ಬರು ಗುಂಡಿ ತೋಡಿ ಅಂದರು. ಅದು ಎರೆ ಭೂಮಿ, ಮೇಲೆ ಮಳೆ ಬಿದ್ದಿದೆ. ಗುಂಡೀಲಿ ಜ್ಯಾಕ್ ಇಟ್ಟು ಒತ್ತಿದರೆ ಕಾರು ಇದ್ದಲ್ಲೇ ಇರುತ್ತೆ, ಜ್ಯಾಕೇ ಕೆಳಗೆ ಹೋಗುತ್ತೆ. ಹೋಯ್ತು ಕೂಡ. ಇನ್ನೊಬ್ಬರು, "ಎಂಟು ಮಂದಿ ಹಿಡಿದ್ರೆ ಎದ್ದೇ ಏಳತೈತಿ" ಅಂತ ಬಂಪರಿಗೆ ಕೈ ಹಾಕಿಸಿದರು. ಟಪ್ ಅಂತ ಕ್ಲಿಪ್ ಮುರಿದ ಸದ್ದು. ಆ ಕಾರಿನ ಹುಡುಗ ಅಳೋದೊಂದು ಬಾಕಿ.

ನಾನು ಒಯ್ದಿದ್ದ ಜ್ಯಾಕಿನ ತಗ್ಗು 80. ಟೇಪ್ ಹಿಡಿದೆ, ಗಾಳಿ ಹೋದ ಕಡೆ ಜಾಗ 75. ಐದು ಮಿಲಿಮೀಟರಿಗೆ ಅಡ್ಡ! ಕೊನೆಗೆ ಪಂಕ್ಚರ್ ಅಂಗಡಿಯ ಸಣ್ಣ ಹುಡುಗ ಒಂದೂವರೆ ಇಂಚಿನ ಹಲಗೆ ತಂದ. ಕಾರನ್ನ ಮೆಲ್ಲಗೆ ತಳ್ಳಿ, ಕೂತ ಚಕ್ರವನ್ನ ಹಲಗೆ ಮೇಲೆ ಹತ್ತಿಸಿದೆವು. ಜ್ಯಾಕ್ ಸಲೀಸಾಗಿ ಒಳಗೆ ಹೋಯ್ತು. ಇಪ್ಪತ್ತು ಟನ್ನಿನದು ಪಕ್ಕದಲ್ಲಿ ಕೂತು ನೋಡ್ತಿತ್ತು.

ಅದಕ್ಕೇ ಹೇಳೋದು, ಅಂಗಡಿಗೆ ಹೋಗೋ ಮೊದಲು ಕಾರನ್ನ ಅಳೀರಿ. ಗಾಳಿ ತುಂಬಿದಾಗ ಅಲ್ಲ, ಟೈರ್ ಕೂತಾಗ ಎಷ್ಟು ಉಳಿಯುತ್ತೆ ಅಂತ ಅಳೀರಿ. ತಗ್ಗು ಮೊದಲು, ಟನ್ ಆಮೇಲೆ.

ಸ್ಟುಡಿಯೋ ಗಾಜಿನಾಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸ್ತಿದ್ದಾರೆ, ಉಳಿದದ್ದು ಬೇಗ ಹೇಳಿಬಿಡ್ತೀನಿ. ಜ್ಯಾಕಿನ ತಲೆ ಮಾತ್ರ ತಗ್ಗಿದ್ದರೆ ಸಾಲದು, ಕತ್ತೂ, ಅಂದರೆ ತಲೆ ಹೊತ್ತ ತೋಳೂ, ತಗ್ಗಿರಬೇಕು, ಉದ್ದ ಇರಬೇಕು. ಇಲ್ಲದಿದ್ದರೆ ಮುಂದಿನಿಂದ ಎತ್ತೋವಾಗ ಹಿಡಿ ಬಂಪರಿಗೆ ಬಡಿಯುತ್ತೆ. ತಲೆ ಮೇಲೆ ರಬ್ಬರ್ ಪ್ಯಾಡ್ ಇರಲಿ. ಎಲ್ಲಿಗೆ ಕೊಡಬೇಕು ಅನ್ನೋದು ಕಾರಿನ ಪುಸ್ತಕದಲ್ಲಿದೆ, ಓದಿ. ಆಯಿಲ್ ಚೇಂಬರಿಗೆ ಕೊಟ್ಟು ಎತ್ತಿದವರನ್ನ ನೋಡಿದೀನಿ, ಹೇಳೋಕೆ ನಾಚಿಕೆ. ನೆಲ ಗಟ್ಟಿ ಇರಲಿ, ಕಡಪಾ ಕಲ್ಲಾದರೆ ಬಿರುಕು ಬಿಡುತ್ತೆ. ಹ್ಯಾಂಡ್ ಬ್ರೇಕ್ ಹಾಕಿ, ನೆಲದ ಮೇಲೆ ಉಳಿಯೋ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ. ಆದರೆ ಜ್ಯಾಕಿನ ಗಾಲಿಗೆ ಅಡ್ಡ ಕೊಡಬೇಡಿ. ತೋಳು ಮೇಲೇಳ್ತಾ ಜ್ಯಾಕ್ ತಾನಾಗೇ ಸ್ವಲ್ಪ ಉರುಳಬೇಕು, ಇಲ್ಲದಿದ್ದರೆ ತಲೆ ಜಾರುತ್ತೆ.

ಮತ್ತೆ ಸ್ಟ್ಯಾಂಡು, ಅಂದರೆ ಎತ್ತಿದ ಕಾರನ್ನ ಹೊತ್ತು ನಿಲ್ಲೋ ಕಬ್ಬಿಣದ ಕಾಲು. ಜ್ಯಾಕಿನೊಳಗೆ ಭಾರ ಹೊತ್ತಿರೋದು ಎಣ್ಣೆ, ಆ ಎಣ್ಣೆ ತಡೆದಿರೋದು ಒಂದು ಸೀಲು. ಸೀಲ್ ಸೋತರೆ ಕಾರು ನಿಮಗೆ ಹೇಳಿ ಕೇಳಿ ಇಳಿಯಲ್ಲ. ಜ್ಯಾಕ್ ತಂದ ದಿನವೇ ಒಂದು ಜೊತೆ ಸ್ಟ್ಯಾಂಡೂ ತನ್ನಿ. ಅದರ ಮೇಲೆ ಕಾರು ಕೂತ ಮೇಲೇ ಕೆಳಗೆ ತಲೆ ಹಾಕಿ. ಸಿಮೆಂಟ್ ಇಟ್ಟಿಗೆ ಸ್ಟ್ಯಾಂಡ್ ಅಲ್ಲ, ಅದು ಒಡೆಯುತ್ತೆ. ಇಳಿಸೋವಾಗ ಹಿಡಿಯನ್ನ ಕೂದಲೆಳೆಯಷ್ಟೇ ತಿರುಗಿಸಿ, ಕಾಲು ದೂರ ಇಟ್ಟುಕೊಳ್ಳಿ. ನಮಸ್ಕಾರ.