ಗಂಡು ಗಿಡವನ್ನು ಕಿತ್ತೆಸೆಯುವ ಮುಂಚೆ

ಹೋರಿ ಹಾಲು ಕೊಡುವುದಿಲ್ಲ. ಆದರೂ ಹೋರಿ ಆರಿಸುವಾಗ ನೋಡುವುದು ಹಾಲನ್ನೇ, ಅಲ್ವಾ? ನಮ್ಮ ಹಸು ಬೆದೆಗೆ ಬಂದಾಗ ಡಾಕ್ಟರು ತರುವ ವೀರ್ಯದ ಸಣ್ಣ ಸ್ಟ್ರಾ ಮೇಲೆ ಒಂದು ನಂಬರ್ ಇರುತ್ತದೆ. ಅದು ಹೋರಿಯ ನಂಬರ್. ಹೆಸರಘಟ್ಟದಲ್ಲೋ ಇನ್ನೆಲ್ಲೋ ಇರುವ ಆ ಹೋರಿಯ ಮುಖ ನಾನು ಕಂಡಿಲ್ಲ. ಅದರ ಕೊಂಬು, ಮೈಕಟ್ಟು ಕಟ್ಟಿಕೊಂಡು ನನಗೇನಾಗಬೇಕು? ಅದಕ್ಕೆ ಹುಟ್ಟಿದ ಹೆಣ್ಣು ಕರುಗಳು ದೊಡ್ಡವಾಗಿ ಎಷ್ಟು ಹಾಲು ಕೊಟ್ಟವು, ಅಷ್ಟೇ ಲೆಕ್ಕ.

ಈ ಲೆಕ್ಕವನ್ನು ಇವತ್ತು ಗಾಂಜಾ ಗಿಡಕ್ಕೆ ಹಾಕೋಣ. ನಗಬೇಡಿ, ವಿಷಯ ಇದೆ.

ಗಾಂಜಾದಲ್ಲಿ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ಹೂವು ಸಣ್ಣ ಮೊಗ್ಗಿನ ಗೊಂಚಲು, ತಲೆ ತಗ್ಗಿಸಿ ನೇತಾಡುತ್ತಿರುತ್ತದೆ. ಅರಳಿದ ಮೇಲೆ ಬೆರಳಲ್ಲಿ ಒಂದು ಸಲ ತಟ್ಟಿದರೆ ಸಾಕು, ಹಳದಿ ಪುಡಿ ಹೊಗೆಯ ಹಾಗೆ ಏಳುತ್ತದೆ. ಗಾಳಿ ಸಿಕ್ಕರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಅದು ತಾಗಿದ ಹೆಣ್ಣು ಗಿಡ ಹೂವಿನಲ್ಲಿ ಮತ್ತಿನ ಅಂಟು ಕೂಡಿಸುವ ಕೆಲಸ ಬಿಟ್ಟು ಬೀಜ ಕಟ್ಟಲು ಕೂರುತ್ತದೆ. ಬೆಳೆಗಾರನಿಗೆ ಗಂಡಿನ ಮೇಲೆ ಸಿಟ್ಟು ಇದಕ್ಕೇ. ಬ್ರಿಟಿಷರ ಕಾಲದಲ್ಲಿ ಬಂಗಾಳದ ನೌಗಾಂವ್‌ನಲ್ಲಿ (ಈಗ ಅದು ಬಾಂಗ್ಲಾದೇಶ) ಸರ್ಕಾರದ ಲೈಸೆನ್ಸಿನಲ್ಲೇ ಗಾಂಜಾ ಬೆಳೆಯುತ್ತಿದ್ದರು. ಗಂಡು ಗಿಡ ಗುರುತು ಹಿಡಿದು ಕೀಳುವುದಕ್ಕೆಂದೇ ಅಲ್ಲಿ ಪೊದ್ದಾರ್ ಅನ್ನುವ ಪಳಗಿದ ಆಳು ಬರುತ್ತಿದ್ದ. ಬ್ರಿಟಿಷರ ಬರಹಗಳಲ್ಲಿ ಅವನು 'ಗಾಂಜಾ ಡಾಕ್ಟರ್'!

ತಳಿ ಮಾಡುವವನಿಗೆ ಈ ಸಿಟ್ಟು ನಡೆಯುವುದಿಲ್ಲ. ಹುಟ್ಟುವ ಸಸಿಯ ಅರ್ಧ ಗುಣ ಅಪ್ಪನದು. ಕಾನೂನು ಒಪ್ಪಿರುವ ಕ್ಯಾಲಿಫೋರ್ನಿಯಾ, ಕೆನಡಾದಂಥ ಕಡೆ ತಳಿ ಮಾಡುವವರಲ್ಲೂ ಕೆಲವರು ಎತ್ತರ ನೋಡುತ್ತಾರೆ, ಕಾಂಡ ಉಜ್ಜಿ ಮೂಸುತ್ತಾರೆ, "ಇದೇ ಗಂಡು" ಅನ್ನುತ್ತಾರೆ. ಮೂಸುವುದು ಅಷ್ಟಿಷ್ಟು ಸುಳಿವು ಕೊಡಬಹುದು. ಎತ್ತರ ನೋಡಿ ಆರಿಸುವುದಂತೂ ಮೀಸೆ ನೋಡಿ ಅಳಿಯನನ್ನು ಆರಿಸಿದ ಹಾಗೆ. ಬೇಕಿರುವ ಗುಣ ಇರುವುದು ಹೆಣ್ಣು ಹೂವಿನಲ್ಲಿ. ಗಂಡಿನಲ್ಲಿ ಅದು ಕಾಣುವುದೇ ಇಲ್ಲ.

ಕಾಣುವ ಹಾಗೆ ಮಾಡಿದವರು ನಮ್ಮ ಮೈಸೂರಿನವರು, ಎಚ್.ವೈ. ಮೋಹನ ರಾಮ್. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾ ಪ್ರಸಾದ್ ಅವರ ತಮ್ಮ, ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದರು. 1970ರಲ್ಲಿ ಅವರು, ವಿ.ಎಸ್. ಜೈಸ್ವಾಲ್ ಸೇರಿ ಗಂಡು ಗಾಂಜಾ ಗಿಡದಲ್ಲಿ ಹೆಣ್ಣು ಹೂವು ಬಿಡಿಸಿದರು. ಬಳಸಿದ್ದು ಎಥಿಫಾನ್. ನಮ್ಮ ಅನಾನಸ್ ಬೆಳೆಗಾರರು ಹೂವು ಒಟ್ಟಿಗೆ ಬರಲಿ ಎಂದು ಹಾಕುತ್ತಾರಲ್ಲ, ಅದೇ. ಗಿಡದೊಳಗೆ ಎಥಿಲೀನ್ ಬಿಡುತ್ತದೆ, ಗಾಂಜಾದಲ್ಲಿ ಹೆಣ್ಣು ಹೂವು ತರಿಸುವ ಹಾರ್ಮೋನ್ ಅನಿಲ ಅದು. 1982ರಲ್ಲಿ ಮೋಹನ ರಾಮ್ ಮತ್ತು ಆರ್. ಸೆಟ್ ಇದನ್ನೇ ತಿರುಗಿಸಿದರು. ಬೆಳ್ಳಿಯ ಸಂಯುಕ್ತ ಕೊಟ್ಟು ಹೆಣ್ಣು ಗಿಡದಲ್ಲಿ ಗಂಡು ಹೂವು ತರಿಸಿದರು. ಬೆಳ್ಳಿ ಎಥಿಲೀನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ಆ ಪರಾಗದಲ್ಲಿ ಗಂಡು ಮಾಡುವ ವೈ ಕ್ರೋಮೋಸೋಮ್ ಇಲ್ಲದ್ದರಿಂದ ಹುಟ್ಟುವುದು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣು.

ನನ್ನ ತಕರಾರು ಇರುವುದು ಇಲ್ಲೇ. ವ್ಯಾಪಾರದವರು ಎರಡನೇ ದಾರಿಯನ್ನು ಹಿಡಿದು 'ಫೆಮಿನೈಸ್ಡ್' ಬೀಜ ಮಾರುತ್ತಾ ಹೋದರು. ಮೊದಲನೆಯದನ್ನು ಕೇಳುವವರೇ ಕಡಿಮೆ. ಗಂಡೇ ಬೇಡ ಅನ್ನುವುದು ಸುಲಭ. ಆದರೆ ಒಂದೇ ಗಿಡವನ್ನು ಅದರದೇ ಪರಾಗದಿಂದ ಮತ್ತೆ ಮತ್ತೆ ಬೀಜ ಕಟ್ಟಿಸಿದರೆ ತಳಿ ಸೊರಗದೆ ಇನ್ನೇನಾಗುತ್ತದೆ? ಗಂಡಿನಲ್ಲಿ ಬಲವಂತವಾಗಿ ಬಿಡಿಸಿದ ಹೆಣ್ಣು ಹೂವು ಪೂರ್ತಿ ಲೆಕ್ಕ ಕೊಡುವುದಿಲ್ಲ, ಒಪ್ಪುತ್ತೇನೆ. ಅದಕ್ಕೇ ಹೋರಿಯ ಪಾಠ. ನಾಲ್ಕಾರು ಗಂಡು ಇಟ್ಟುಕೊಳ್ಳಬೇಕು. ಒಂದೊಂದರ ಪರಾಗವನ್ನೂ ಬೇರೆ ಬೇರೆಯಾಗಿ ಒಂದೇ ತಾಯಿಗೆ ಹಾಕಿ, ಹೆಣ್ಣುಮಕ್ಕಳನ್ನು ಬೆಳೆಸಿ ನೋಡಬೇಕು. ಜಾಸ್ತಿ ಜಾಗ ಬೇಕು, ತಾಳ್ಮೆ ಬೇಕು. ಈಗ ಎಲೆಯ ಚೂರಿನ ಡಿಎನ್‌ಎಯಿಂದಲೇ ಸಸಿ ಗಂಡೋ ಹೆಣ್ಣೋ, ಅದು ಹೊತ್ತಿರುವುದು ಮತ್ತಿನ ಟಿಎಚ್‌ಸಿ ಜೀನೋ ಮತ್ತು ಬರಿಸದ ಸಿಬಿಡಿಯದೋ ತಿಳಿಯುತ್ತದೆ. ಗಂಡಿಗೂ ಈ ಪರೀಕ್ಷೆ ನಡೆಯುತ್ತದೆ.

ಇದನ್ನು ಕೇಳಿ ಹಿತ್ತಲಲ್ಲಿ ಬೀಜ ಹಾಕಲು ಹೋಗಬೇಡಿ, ಮತ್ತೆ! ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತುದಿ, ಸರಿ. ಆದರೆ ಅನುಮತಿ ಇಲ್ಲದೆ ಬೆಳೆಯಬಾರದ್ದು ಆ ಕುಲದ ಯಾವ ಗಿಡವನ್ನೂ. ಗಂಡಿಗೆ ರಿಯಾಯಿತಿ ಇಲ್ಲ.

ನಮ್ಮ ದೇಶದಲ್ಲಿ ಈ ಮಾತಿಗೆ ನಿಜವಾದ ಕೆಲಸ ಇರುವುದು ಉತ್ತರಾಖಂಡದಲ್ಲಿ. ನಾರು, ಬೀಜಕ್ಕೆಂದು ಹೆಂಪ್, ಅಂದರೆ ಮತ್ತು ಕಡಿಮೆ ಇರುವ ಗಾಂಜಾ ಗಿಡ, ಬೆಳೆಯಲು 2018ರಲ್ಲಿ ಲೈಸೆನ್ಸ್ ಕೊಟ್ಟ ಮೊದಲ ರಾಜ್ಯ ಅದು. ಷರತ್ತು, ಟಿಎಚ್‌ಸಿ ಶೇಕಡಾ 0.3 ದಾಟಬಾರದು. ಅಲ್ಲಿ ರಸ್ತೆ ಬದಿ, ದನದ ಕೊಟ್ಟಿಗೆ ಹಿಂದೆ, ಎಲ್ಲಿ ನೋಡಿದರೂ ಭಂಗಿ (ಇದೇ ಗಾಂಜಾ ಗಿಡ) ತಾನಾಗಿ ಎದ್ದಿರುತ್ತದೆ. ಹೊಲದೊಳಗೆ ಪರೀಕ್ಷೆ ಮಾಡಿ ಆರಿಸಿಟ್ಟ ಗಂಡು ಹತ್ತೇ ಇರಬಹುದು. ಗುಡ್ಡದ ಮೇಲೆ ಯಾರೂ ಆರಿಸದ ಗಂಡುಗಳು ಸಾವಿರ. ಗಾಳಿ ಬೀಸುವುದು ಆ ಕಡೆಯಿಂದಲೇ ಆದರೆ, ಮುಂದಿನ ವರ್ಷದ ಬೀಜಕ್ಕೆ ಅಪ್ಪ ಯಾರು?