ಲೆವೆಲ್ ಸರಿ ಇದೆ ಸಾರ್

ನಮಸ್ಕಾರ. ನನ್ನ ಕೈಯಲ್ಲಿರುವ ಈ ಬಾಟಲಿ ನೋಡಿ. ಡಿಕಾಕ್ಷನ್ ಅಂದುಕೊಂಡ್ರಾ? ನಮ್ಮ ಅಮ್ಮನೂ ಹಾಗೇ ಅಂದುಕೊಂಡರು. ಅಲ್ಲ. ಇದು ನಮ್ಮ ಮನೆಯ 1999ರ ಮಾರುತಿ 800ರ ಬ್ರೇಕ್ ಆಯಿಲ್. ಹೊಸದಿದ್ದಾಗ ತಿಳಿ ಜೇನಿನ ಬಣ್ಣ ಇರುತ್ತದೆ. ಹೀಗೆ ಕಪ್ಪಾಗಬೇಕಾದರೆ ಎಷ್ಟು ವರ್ಷದಿಂದ ಬದಲಾಯಿಸಿಲ್ಲವೋ ಏನೋ. ಪ್ರತಿ ಸರ್ವಿಸಿನಲ್ಲೂ ನಾನು ಕೇಳಿದ್ದೆ. ಪ್ರತಿ ಸಲವೂ ಒಂದೇ ಉತ್ತರ: "ಲೆವೆಲ್ ಸರಿ ಇದೆ ಸಾರ್."

ಇವತ್ತು ನನ್ನ ತಕರಾರು ಈ ಮಾತಿನ ಬಗ್ಗೆಯೇ.

ಹೋದ ತಿಂಗಳು ಮನೆಯವರನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ಇಳಿಯುವಾಗ ಮುಂದೆ ಒಂದು ಬಸ್ಸು. ಅದರ ಹಿಂದೆ ನಾನು, ಟಾಪ್ ಗೇರಿನಲ್ಲೇ, ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡು. ಅದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಇನ್ನೇನು ತಪ್ಪಲು ಬಂತು ಅನ್ನುವಾಗ ಪೆಡಲ್ ಮೆತ್ತಗಾಯಿತು. ನೆನೆದ ಬನ್ನು ತುಳಿದ ಹಾಗೆ. ಎರಡು ಸಲ ಪಂಪ್ ಮಾಡಿದೆ, ಗೇರು ಸೆಕೆಂಡಿಗೆ ಇಳಿಸಿದೆ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದೆ. ನಿಂತಿತು. ಹಿಂದಿನ ಸೀಟಿನಲ್ಲಿ ಪ್ರಸಾದದ ಪೊಟ್ಟಣ ಬಿಚ್ಚುತ್ತಾ ಕೂತಿದ್ದರು. ಯಾರಿಗೂ ಏನೂ ಗೊತ್ತಾಗಲಿಲ್ಲ ಅಂದುಕೊಂಡೆ.

ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ! ಮಾರನೇ ದಿನ ಗ್ಯಾರೇಜಿನವರು ಒಂದು ರೌಂಡ್ ಓಡಿಸಿ ನೋಡಿ ಹೇಳಿದ್ದು ಏನು ಗೊತ್ತಲ್ಲ? ಲೆವೆಲ್ ಸರಿ ಇದೆ.

ಆಗಿದ್ದು ಇಷ್ಟು. ಬ್ರೇಕ್ ಆಯಿಲ್ ಅಂತ ಕರೆದರೂ ಅದು ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯದು. ಮಳೆಗಾಲದಲ್ಲಿ ಉಪ್ಪಿನ ಜಾಡಿ ಹೇಗೆ ತಾನಾಗೇ ಒದ್ದೆಯಾಗುತ್ತದೆ, ಇದೂ ಹಾಗೇ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವುದು 205 ಡಿಗ್ರಿ ದಾಟಿದ ಮೇಲೆ. ನೂರಕ್ಕೆ 3.7ರಷ್ಟು ನೀರು ಸೇರಿದರೆ ಸಾಕು, ಆ ಮಿತಿ 140ಕ್ಕೆ ಬಂದು ಬೀಳುತ್ತದೆ. ಡಾಟ್ 4 ಆದರೆ 230, ನೀರು ಸೇರಿದ ಮೇಲೆ 155.

ಬೆಟ್ಟದ ತುದಿಗಿಂತ ನಮ್ಮ ಊರು ಸುಮಾರು 300 ಮೀಟರ್ ಕೆಳಗಿದೆ. ಜನರೂ ಸೇರಿ 900 ಕೆಜಿ ಗಾಡಿಯನ್ನು ಬರೀ ಬ್ರೇಕಿನಲ್ಲೇ ಅಷ್ಟು ಇಳಿಸಿದರೆ ಹುಟ್ಟುವ ಶಾಖದಲ್ಲಿ ಏಳೆಂಟು ಲೀಟರ್ ನೀರು ಕುದಿಸಬಹುದು. ಚಕ್ರದ ಬಳಿ ಬಿಸಿಯಾದ ಬ್ರೇಕಿನೊಳಗಿನ ಹಳೇ ಆಯಿಲ್ ಕುದ್ದು ಆವಿಯಾಯಿತು. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಅದಕ್ಕೇ ಪೆಡಲ್ ಮೆತ್ತಗಾಗಿದ್ದು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ. ಸಾಕ್ಷಿ ಮಾಯ! ಒಳಗೆ ಗಾಳಿ ಸೇರಿದ್ದರೆ ಪೆಡಲ್ ಯಾವಾಗಲೂ ಮೆತ್ತಗೇ ಇರುತ್ತಿತ್ತು, ಗ್ಯಾರೇಜಿನಲ್ಲೂ ಸಿಕ್ಕಿಬೀಳುತ್ತಿತ್ತು.

ಅಂದರೆ ಲೆವೆಲ್ ನಿಜವಾಗಿಯೂ ಸರಿ ಇತ್ತು. ಅದೇ ಸಮಸ್ಯೆ. ಲೆವೆಲ್ ಹೇಳುವುದು ಆಯಿಲ್ ಎಷ್ಟಿದೆ ಅಂತ, ಹೇಗಿದೆ ಅಂತ ಅಲ್ಲ. ಇನ್ನು ಲೆವೆಲ್ ಇಳಿದಿದ್ದರೆ ಪ್ಯಾಡ್ ಸವೆದಿದೆ, ಇಲ್ಲಾ ಎಲ್ಲೋ ಸೋರುತ್ತಿದೆ ಅಂತ ಗಾಡಿ ಹೇಳುತ್ತಿದೆ. ಸುಮ್ನೆ ಟಾಪ್ ಅಪ್ ಮಾಡಿದರೆ ಅದರ ಬಾಯಿ ಮುಚ್ಚಿಸಿದ ಹಾಗೆ.

"ನಂದು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡಲ್ಲ" ಅನ್ನುವವರು ಮೈಸೂರಿನಲ್ಲಿ ಜಾಸ್ತಿ. ತೇವಕ್ಕೆ ಮೀಟರ್ ಗೊತ್ತಿಲ್ಲ ಸ್ವಾಮಿ. ಶೆಡ್ಡಿನಲ್ಲಿ ನಿಂತ ಗಾಡಿಗೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಡಬ್ಬ ಒಂದಕ್ಕೆ ನಾಲ್ಕು ಜನ ಹೋಟೆಲಿನಲ್ಲಿ ದೋಸೆ, ಕಾಫಿ ಮುಗಿಸಿದಷ್ಟು ಖರ್ಚು.

ಕೊನೆಗೆ ನಾನೇ ಮಾಡಿದೆ. ಎಬಿಎಸ್, ಅಂದರೆ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಇಲ್ಲದ ಹಳೇ ಗಾಡಿಯಾದ್ದರಿಂದ ಕೆಲಸ ಸರಳ. ಜೊತೆಗೆ ಒಬ್ಬರು ಬೇಕು. ಅಮ್ಮ ಡ್ರೈವರ್ ಸೀಟಿನಲ್ಲಿ ಕೂತರು. ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಪ್ರತಿ ಚಕ್ರದ ಬ್ರೇಕಿನಲ್ಲೂ ಹಳೇ ಆಯಿಲ್ ಹೊರಬಿಡಲು ನಿಪ್ಪಲ್ ಅನ್ನುವ ಪುಟ್ಟ ಸ್ಕ್ರೂ ಇರುತ್ತದೆ. ಹಿಂದಿನ ರಾತ್ರಿಯೇ ನಿಪ್ಪಲ್‌ಗಳಿಗೆಲ್ಲ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದೆ. ಆದರೂ ಹಿಂದಿನ ಚಕ್ರದ ನಿಪ್ಪಲ್ ಅಲ್ಲಾಡಲಿಲ್ಲ. ಇಲ್ಲಿ ಹಟ ಮಾಡಬಾರದು. ಮುರಿದರೆ ಆ ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರೇ ಹೊಸದು ತರಬೇಕು. ಹಿಂದೆ ಮುಂದೆ ಚೂರು ಚೂರೇ ಆಡಿಸಿ, ಕಾದು, ಮತ್ತೆ ಸ್ಪ್ರೇ ಹೊಡೆದು, ಮತ್ತೆ ಆಡಿಸಿದೆ. ಮುಕ್ಕಾಲು ಗಂಟೆ ಆದಮೇಲೆ "ಟಿಕ್" ಅಂತ ಬಿಟ್ಟುಕೊಂಡಿತು. ಆ ಸದ್ದಿನ ಸುಖ ಅನುಭವಿಸಿದವರಿಗೇ ಗೊತ್ತು.

ಅಲ್ಲಿಂದ ಮುಂದೆ ಜುಗಲ್‌ಬಂದಿ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ಇನ್ನೊಂದು ತುದಿ ಬಾಟಲಿಯೊಳಗಿನ ಆಯಿಲ್‌ನಲ್ಲಿ ಮುಳುಗಿರಬೇಕು. "ಒತ್ತಮ್ಮ." "ಒತ್ತಿದೀನಿ ಕಣೋ." ನಿಪ್ಪಲ್ ಬಿಡಿಸುತ್ತೇನೆ, ಕಪ್ಪು ಆಯಿಲ್ ಬರುತ್ತದೆ, ಬಿಗಿ ಮಾಡುತ್ತೇನೆ. "ಈಗ ಬಿಡಮ್ಮ." ಬಿಗಿ ಮಾಡುವ ಮುಂಚೆ ಕಾಲು ತೆಗೆದರೆ ಗಾಳಿ ಒಳಗೆ! ಇನ್ನೊಂದು, ಹಳೇ ಗಾಡಿಯಲ್ಲಿ ಪೆಡಲನ್ನು ತಳದ ತನಕ ತುಳಿಯಬಾರದು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ವರ್ಷಗಟ್ಟಲೆ ಹೋಗದ ಜಾಗಕ್ಕೆ ಹೋಗಿ, ಅಲ್ಲಿಯ ತುಕ್ಕಿಗೆ ಉಜ್ಜಿ ಹರಿಯುತ್ತದೆ. ನಾನು ಪೆಡಲ್ ಕೆಳಗೆ ಮರದ ತುಂಡು ಇಟ್ಟಿದ್ದೆ. ಯಾವ ಚಕ್ರ ಮೊದಲು ಅಂತ ನಿಮ್ಮ ಗಾಡಿಯ ಪುಸ್ತಕ ನೋಡಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ್ದು ಮೊದಲು. ಮಾಸ್ಟರ್ ಸಿಲಿಂಡರಿನ ಮೇಲಿರುವ ಆಯಿಲ್ ಡಬ್ಬಿ ಮಾತ್ರ ಖಾಲಿಯಾಗಲು ಬಿಡಬೇಡಿ, ಸೀಲ್ ಒಡೆಯದ ಹೊಸ ಡಬ್ಬದಿಂದ ತುಂಬಿಸುತ್ತಾ ಇರಿ. ಹೋದ ವರ್ಷ ಮಿಕ್ಕಿದ್ದು ಶೆಲ್ಫಿನಲ್ಲಿದ್ದರೆ ಅದೂ ತೇವ ಕುಡಿದು ಕೂತಿರುತ್ತದೆ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ಪೇಂಟೇ ಎದ್ದು ಬರುತ್ತದೆ.

ಮೂರನೇ ಚಕ್ರಕ್ಕೆ ಬರುವ ಹೊತ್ತಿಗೆ ಟ್ಯೂಬಿನಲ್ಲಿ ಜೇನಿನ ಬಣ್ಣ ಕಾಣಿಸಿತು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಅಮ್ಮ ಕೇಳಿದರು: "ಅವತ್ತು ಬೆಟ್ಟ ಇಳೀವಾಗ ಹ್ಯಾಂಡ್‌ಬ್ರೇಕ್ ಎಳೆದಿದ್ದು ಇದಕ್ಕೇನೋ?"

ನಾನು ಸ್ಪ್ಯಾನರ್ ಹಿಡಿದು ಸುಮ್ಮನಿದ್ದೆ.

"ಸರಿ, ಹೇಳು. ಒತ್ಲಾ, ಬಿಡ್ಲಾ?"