ಬಾಯಾರುವ ಮುಂಚೆಯೇ

ಕೇಳುಗರಿಗೆ ನಮಸ್ಕಾರ.

ನಮ್ಮ ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಹಾಗಾದರೆ ಉಳಿದದ್ದು? ವಾಪಸ್ ರಕ್ತಕ್ಕೇ. ಹೆಚ್ಚಿನ ಪಾಲು ಯಾರ ಅಪ್ಪಣೆಗೂ ಕಾಯದೆ ಮರಳುತ್ತದೆ. ಕೊನೆಯ ಹತ್ತನೇ ಒಂದು ಪಾಲಿನಷ್ಟು ನೀರಿಗೆ ಮಾತ್ರ ಅಪ್ಪಣೆ ಬೇಕು. ಅದು ಬರುವುದು ಮಿದುಳಿನಿಂದ.

ಮಿದುಳು ನೀರನ್ನು ಲೀಟರ್ ಲೆಕ್ಕದಲ್ಲಿ ಅಳೆಯುವುದಿಲ್ಲ. ಅದು ನೋಡುವುದು ರಕ್ತ ಎಷ್ಟು ಉಪ್ಪಾಗಿದೆ ಅಂತ. ನೀರು ಕಡಿಮೆಯಾದರೆ ಉಪ್ಪಿನಂಶ ಗಟ್ಟಿಯಾಗುತ್ತದೆ, ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಭಾಗದ ಬಳಿಯ ಕೆಲವು ಜೀವಕೋಶಗಳು ಕುಗ್ಗುತ್ತವೆ. ನೂರಕ್ಕೆ ಒಂದರಷ್ಟು ವ್ಯತ್ಯಾಸವೂ ಅವಕ್ಕೆ ಗೊತ್ತಾಗುತ್ತದೆ. ಕೂಡಲೇ ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನ್ ರಕ್ತಕ್ಕೆ ಇಳಿಯುತ್ತದೆ. ಒಂಬತ್ತೇ ಅಮೈನೊ ಆಮ್ಲಗಳ ಪುಟ್ಟ ಅಣು!

ಮೂತ್ರಪಿಂಡದ ಕೊನೆಯ ನಾಳಗಳಲ್ಲಿ ಅದರ ಕೆಲಸ. ಅಲ್ಲಿನ ಜೀವಕೋಶಗಳ ಒಳಗೆ, ನೀರು ಮಾತ್ರ ನುಸುಳಬಲ್ಲ ಸಣ್ಣ ಕಿಂಡಿಗಳು ಚೀಲಗಳಲ್ಲಿ ಸಿದ್ಧವಾಗಿರುತ್ತವೆ. ಹಾರ್ಮೋನ್ ಬಂದರೆ ಅವು ಮೇಲ್ಮೈಗೆ ಬಂದು ಕೂರುತ್ತವೆ. ನೀರು ಹಿಂದಕ್ಕೆ ಹೋಗುತ್ತದೆ, ಮೂತ್ರ ಗಾಢ ಹಳದಿಯಾಗುತ್ತದೆ. ಹಾರ್ಮೋನ್ ಇಳಿದರೆ ಕಿಂಡಿಗಳು ಮತ್ತೆ ಒಳಗೆ. ಈ ಕಿಂಡಿಗಳ ಹೆಸರು ಅಕ್ವಪೊರಿನ್. ಈ ಬಗೆಯ ಕಿಂಡಿಯನ್ನು ಮೊದಲು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅವರು ಹುಡುಕುತ್ತಿದ್ದದ್ದು ರಕ್ತದ ಆರ್‌ಎಚ್ ಗುಂಪಿನ ಪ್ರೋಟೀನನ್ನು, ಸಿಕ್ಕಿದ್ದು ಇದು.

ನನಗೆ ತುಂಬ ಹಿಡಿಸುವ ಸಂಗತಿ ಇನ್ನೊಂದಿದೆ. ಬಾಯಾರಿಕೆ ಕಾಣಿಸಿಕೊಳ್ಳುವುದು ಈ ಹಾರ್ಮೋನ್ ಹೊರಟ ಮೇಲೆ. ಅಂದರೆ ನೀವು ಲೋಟಕ್ಕೆ ಕೈ ಹಾಕುವ ಹೊತ್ತಿಗೆ ಮೂತ್ರಪಿಂಡ ಆಗಲೇ ಉಳಿತಾಯ ಶುರು ಮಾಡಿರುತ್ತದೆ. ಕುಡಿದ ನೀರು ರಕ್ತಕ್ಕೆ ಸೇರಲು ಹೊತ್ತು ಬೇಕು. ಆದರೂ ನಾಲ್ಕು ಗುಟುಕಿಗೇ ಹಾಯೆನಿಸುತ್ತದೆ, ಅಲ್ವಾ? ಬಾಯಿ, ಗಂಟಲು ಮುಂಗಡವಾಗಿ ಮಿದುಳಿಗೆ ಸುದ್ದಿ ಕೊಟ್ಟಿರುತ್ತವೆ.

ಮದ್ಯ ಈ ಹಾರ್ಮೋನನ್ನು ತಡೆಯುತ್ತದೆ. ಕುಡಿದವರು ಪದೇ ಪದೇ ಎದ್ದು ಹೋಗುವುದು ಸುಮ್ನೆ ಅಲ್ಲ. ಹಾರ್ಮೋನೇ ಇಲ್ಲವಾದರೆ ದಿನಕ್ಕೆ ಹತ್ತು ಲೀಟರಿಗೂ ಜಾಸ್ತಿ ಮೂತ್ರ ಹೋಗಬಹುದು. ಆ ಕಾಯಿಲೆಗೆ ಡಯಾಬಿಟಿಸ್ ಇನ್‌ಸಿಪಿಡಸ್ ಎಂಬ ಹೆಸರಿದ್ದರೂ ಸಕ್ಕರೆಗೂ ಅದಕ್ಕೂ ಸಂಬಂಧವಿಲ್ಲ.

ಉಪ್ಪನ್ನು ಹಿಡಿದಿಡುವ ಕೆಲಸ ಅಲ್ಡೊಸ್ಟಿರೋನ್ ಎಂಬ ಇನ್ನೊಂದು ಹಾರ್ಮೋನಿನದು. ಉಪ್ಪು ನಿಂತರೆ ಹಿಂದೆಯೇ ನೀರೂ ನಿಲ್ಲುತ್ತದೆ. ನೀರು ಅತಿಯಾಗಿ ರಕ್ತ ಉಬ್ಬಿದರೆ? ಆಗ ಹೃದಯವೇ ಒಂದು ಹಾರ್ಮೋನ್ ಬಿಡುತ್ತದೆ, ಉಪ್ಪು ನೀರು ಎರಡನ್ನೂ ಹೊರಗೆ ಕಳಿಸು ಅಂತ. ರಕ್ತವನ್ನು ತಳ್ಳುವ ಪಂಪು ಎಂದಷ್ಟೇ ನಾವು ತಿಳಿದಿದ್ದ ಹೃದಯ ಒಂದು ಗ್ರಂಥಿಯೂ ಹೌದು ಎನ್ನುವುದು ಗಟ್ಟಿಯಾಗಿ ಗೊತ್ತಾಗಿದ್ದು 1980ರ ದಶಕದಲ್ಲಿ.

ನಮಸ್ಕಾರ.